ತಣ್ಣನೆಯ ಇಂಜಿನ್ ಸಿದ್ಧಾಂತ

ಒಂದು ನಿಮಿಷ ಕೂತುಕೊಳ್ಳಿ, ಇದನ್ನು ಕೇಳಿಕೊಂಡೇ ಹೋಗಿ. ಹಳೇ ಕಾರು ಕೊಳ್ಳುವ ಯೋಚನೆ ಇದ್ದರಂತೂ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಿ. ಯೋಚನೆ ಇಲ್ಲದಿದ್ದರೂ ಪರವಾಗಿಲ್ಲ, ಇವತ್ತಲ್ಲ ನಾಳೆ ನಿಮ್ಮ ಅಕ್ಕನಿಗೋ ಭಾವನಿಗೋ ಬೇಕಾಗುತ್ತದೆ, ಆಗ ನಿಮ್ಮನ್ನೇ ಹಿಡಿದುಕೊಳ್ಳುತ್ತಾರೆ. ನನ್ನನ್ನು ಹಿಡಿದುಕೊಂಡ ಹಾಗೆ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಓಡಿಸುವುದು ಸೈಕಲ್. ಆದರೆ ಹಳೇ ಕಾರು ಕೊಳ್ಳುವ ಮುಂಚೆ ಏನೇನು ನೋಡಬೇಕು ಎಂಬ ಒಂದು ವಿಷಯದಲ್ಲಿ ನನ್ನಷ್ಟು ಓದಿಕೊಂಡವರು ನಮ್ಮ ಮನೆತನದಲ್ಲಿ ಹಿಂದೆ ಹುಟ್ಟಿಲ್ಲ. ಓದಿಕೊಂಡವರು ಎಂದರೆ ವಿಡಿಯೋ ನೋಡಿದವರು. ಮಧ್ಯಾಹ್ನ ಅಂಗಡಿಗೆ ಗಿರಾಕಿ ಬರದ ಹೊತ್ತಿನಲ್ಲಿ ಫೋನನ್ನು ಕನ್ನಡಕದ ಸ್ಟ್ಯಾಂಡಿಗೆ ಒರಗಿಸಿಟ್ಟು ನೋಡಿದ್ದೇ ನೋಡಿದ್ದು. ಟೈರು ಒಂದೇ ಕಡೆ ಸವೆದಿದ್ದರೆ ಏನರ್ಥ, ಹೊಗೆ ನೀಲಿಯಾದರೆ ಏನು, ಬಿಳಿಯಾದರೆ ಏನು, ಮ್ಯಾಟಿನ ಕೆಳಗೆ ತೇವ ಇದ್ದರೆ ಗಾಡಿ ಯಾವ ನೀರಿನಲ್ಲಿ ಮುಳುಗೆದ್ದಿರಬಹುದು, ಎಲ್ಲವೂ ಬಾಯಿಪಾಠ. ಮನೆಯಲ್ಲಿ ನನಗೆ ಬಾನೆಟ್ ಎಂದೇ ಹೆಸರು. ಅಮ್ಮ ಊಟಕ್ಕೆ ಕರೆಯುವಾಗಲೂ "ಬಾನೆಟ್ಟೂ, ತಟ್ಟೆ ಹಾಕ್ಕೋ" ಎನ್ನುತ್ತಾಳೆ.

ಅಕ್ಕ ನರ್ಸ್. ಊರಾಚೆ ಹೆದ್ದಾರಿಯ ಪಕ್ಕದಲ್ಲಿ ಹೊಸ ಆಸ್ಪತ್ರೆಯೊಂದು ಶುರುವಾಗಿತ್ತು. ಅಲ್ಲಿ ಒಂದು ಇಡೀ ವಾರ್ಡಿನ ಮೇಲ್ವಿಚಾರಣೆ ಅವಳಿಗೆ ಸಿಕ್ಕಿತ್ತು. ಎಷ್ಟೋ ವರ್ಷ ಕಾದ ಜಾಗ. ತೊಂದರೆ ಒಂದೇ, ಡ್ಯೂಟಿ ಬೆಳಗಿನ ಜಾವಕ್ಕೆ ಶುರು. ಆ ಹೊತ್ತಿಗೆ ಬಸ್ಸಿನ ಡ್ರೈವರು ಇನ್ನೂ ಮಗ್ಗುಲು ಬದಲಾಯಿಸುತ್ತಿರುತ್ತಾನೆ. ಸೋಮವಾರ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಜಾಗ ಮುಂದಿನವರಿಗೆ ಹೋಗುತ್ತದೆ. ಕಾರು ಬೇಕೇ ಬೇಕು, ಹೊಸದು ಕೊಳ್ಳುವ ಹಾಗಿಲ್ಲ, ಸೋಮವಾರ ಬಾಗಿಲಿಗೇ ಬಂದು ನಿಂತಿದೆ.

ಭಾವನನ್ನು ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ. ನಮ್ಮ ಭಾವ ಬಟ್ಟೆ ಅಂಗಡಿಯಲ್ಲಿ ಕ್ಯಾಷಿಯರ್, ಬಂಗಾರದಂಥ ಮನುಷ್ಯ. ಯಾರಾದರೂ ನಗುತ್ತಾ ಮಾತಾಡಿಸಿದರೆ ಸಾಕು, ಅವರು ಕೊಟ್ಟದ್ದನ್ನು ಹೊತ್ತುಕೊಂಡು ಬಂದುಬಿಡುತ್ತಾರೆ. ಒಮ್ಮೆ ಫ್ಯಾನ್ ತರಲು ಹೋಗಿದ್ದರು. ಅಂಗಡಿಯವನಿಗೆ ಗಂಟಲು ನೋಯುತ್ತಿತ್ತಂತೆ, ಜಾಸ್ತಿ ಮಾತಾಡಿಸಬಾರದು ಎಂದು ಮೊದಲು ತೋರಿಸಿದ್ದನ್ನೇ ತಂದರು. ಆ ಫ್ಯಾನು ತಿರುಗುವುದೊಂದನ್ನು ಬಿಟ್ಟು ಬಾಕಿ ಎಲ್ಲ ಮಾಡುತ್ತದೆ.

"ನೋಡೋ ಬಾನೆಟ್," ಎಂದಳು ಅಕ್ಕ, "ಕತ್ತಲಲ್ಲಿ ಹೈವೇ ಮೇಲೆ ನಾನೊಬ್ಬಳೇ ಹೋಗ್ಬೇಕು. ನಡುದಾರೀಲಿ ಗಾಡಿ ನಿಂತ್ರೆ ನಿನ್ನನ್ನೇ ಎಬ್ಬಿಸಿ ಕರೆಸಿ ತಳ್ಳಿಸ್ತೀನಿ. ಸರಿಯಾಗಿ ನೋಡು."

"ಅಕ್ಕಾ, ನಾನು ಒಂದು ಗಾಡಿ ನೋಡಿದೆ ಅಂದ್ರೆ..."

"ನೀನು ನೋಡಿರೋ ಗಾಡಿ ಎಲ್ಲಾ ಫೋನಲ್ಲಿ. ಇದು ರೋಡಲ್ಲಿ ಓಡೋದು."

ಈ ಮಾತು ನನ್ನನ್ನು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ತೋರಿಸುತ್ತೇನೆ ಇರು ಎಂದುಕೊಂಡೆ.

ಗಾಡಿ ಮಾರುವವರ ಜೊತೆ ಫೋನಿನಲ್ಲಿ ಮಾತಾಡಿದ್ದು ಭಾವ. "ಒಬ್ರು ವಯಸ್ಸಾದ ಅಮ್ಮ ಕಣೋ. ಹಸಿರು ಗೇಟು, ಬಿಳಿ ಕಾರು, ಒಂಬತ್ತು ಗಂಟೆಗೆ ಬನ್ನಿ ಅಂದ್ರು. ನನ್ನ ಭಾಮೈದ ಬಂದು ನೋಡ್ತಾನೆ, ಅವನಿಗೆ ಎಲ್ಲಾ ಗೊತ್ತು ಅಂತ ಹೇಳಿದೀನಿ."

"ಒಂಬತ್ತಕ್ಕೆ ಹೋಗಬಾರದು ಭಾವ. ಎಂಟಕ್ಕೇ ಹೋಗ್ಬೇಕು."

"ಯಾಕೋ?"

ಇಲ್ಲಿ ನಾನು ಅವರಿಗೆ ನನ್ನ ತಣ್ಣನೆಯ ಇಂಜಿನ್ ಸಿದ್ಧಾಂತವನ್ನು ವಿವರಿಸಿದೆ. ನೀವೂ ಕೇಳಿಸಿಕೊಳ್ಳಿ, ಸಿದ್ಧಾಂತದಲ್ಲಿ ತಪ್ಪಿಲ್ಲ. ಮಾರುವವರು ಏನು ಮಾಡುತ್ತಾರೆ? ಕೊಳ್ಳುವವರು ಬರುವ ಮುಂಚೆ ಗಾಡಿಯನ್ನು ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿರುತ್ತಾರೆ. ಬೆಚ್ಚಗಿರುವ ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ, ಕೆಮ್ಮುವುದಿಲ್ಲ, ಹೊಗೆ ಕಾರುವುದಿಲ್ಲ. ಅದೇ ತಣ್ಣಗಿರುವಾಗ ಹಿಡಿದರೆ ನಿದ್ದೆಯಿಂದ ಎಬ್ಬಿಸಿದವರ ಹಾಗೆ, ಇರುವ ರೋಗವೆಲ್ಲ ಹೊರಗೆ ಬರುತ್ತದೆ. ಆದ್ದರಿಂದ ಹೇಳಿದ ಹೊತ್ತಿಗಿಂತ ಮುಂಚೆ ಹೋಗಬೇಕು. ಬೆಲ್ ಮಾಡಬಾರದು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು. ಹೊರಗಿನ ಪರೀಕ್ಷೆ ಪೂರ್ತಿ ಮುಗಿಸಿ ಆಮೇಲೆ ಯಜಮಾನರನ್ನು ಕರೆಯಬೇಕು.

"ಹೇಳದೆ ಕೇಳದೆ ಬೇರೆಯವರ ಗಾಡಿ ಮುಟ್ಟೋದಾ?" ಭಾವನ ಮುಖ ಸಣ್ಣಗಾಯಿತು.

"ಮುಟ್ಟೋದಲ್ಲ ಭಾವ, ಪರೀಕ್ಷೆ."

ಮಾರನೆಯ ದಿನ ಎಂಟಕ್ಕೆ ಆ ರಸ್ತೆಯಲ್ಲಿದ್ದೆವು. ನನ್ನ ಕೈಯಲ್ಲಿ ಟಾರ್ಚು, ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ, ಇಂಜಿನ್ ಆಯಿಲ್ ಒರೆಸಿ ನೋಡಲು ಬಿಳಿ ಕಾಗದ. ಭಾವನ ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ. ಹಸಿರು ಗೇಟು ಸಿಕ್ಕಿತು. ಅದರ ಮುಂದೆ ರಸ್ತೆಯಲ್ಲೇ ಬಿಳಿ ಕಾರು ನಿಂತಿತ್ತು. ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗೆ!

"ನೋಡಿದ್ರಾ ಭಾವ?" ಎಂದೆ. ಭಾವನೂ ಅಂಗೈ ಇಟ್ಟು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದವರ ಹಾಗೆ ನಿಟ್ಟುಸಿರು ಬಿಟ್ಟರು.

ಪಕ್ಕದ ಮನೆಗೂ ಹಸಿರು ಗೇಟೇ ಇತ್ತು. ಒಂದೇ ಪೇಂಟರ್ ಎರಡೂ ಮನೆಗೆ ಒಂದೇ ಡಬ್ಬದಲ್ಲಿ ಬಳಿದು ಮುಗಿಸಿರಬೇಕು. ಆ ಗೇಟಿನ ಒಳಗೆ ಶೆಡ್ಡಿನಲ್ಲಿ ಹೊದಿಕೆ ಹೊದಿಸಿದ ಒಂದು ಕಾರಿತ್ತು. ಇದನ್ನೆಲ್ಲ ನಾನು ಆಗ ಗಮನಿಸಲಿಲ್ಲ. ತಜ್ಞನಾದವನು ಒಂದು ಗಾಡಿ ಹಿಡಿದ ಮೇಲೆ ಅತ್ತಿತ್ತ ನೋಡಬಾರದು.

ಗಾಡಿಯ ಸ್ಥಿತಿ ಭಯಂಕರವಾಗಿತ್ತು. ಟೈರುಗಳು ನಾಲ್ಕೂ ನಾಲ್ಕು ದಿಕ್ಕಿಗೆ ಸವೆದಿದ್ದವು. ಬಾಗಿಲಿಗೂ ಬಾಡಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಅಯಸ್ಕಾಂತವನ್ನು ಎಡಗಡೆಯ ಬಾಗಿಲಿಗೆ ಇಟ್ಟರೆ ಟಪ್ ಎಂದು ನೆಲಕ್ಕೆ ಬಿತ್ತು. ಅಂದರೆ ಒಳಗೆ ತಗಡಿಲ್ಲ, ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಟಾರ್ಚನ್ನು ಭಾವನ ಕೈಗೆ ಕೊಟ್ಟು, ಚಾಪೆ ಹಾಸಿ ಕೆಳಗೆ ತೂರಿದೆ.

ರಸ್ತೆಯಲ್ಲಿ ಹೋಗುವವರಿಗೆ ಭಾವನೇ ಉತ್ತರ ಕೊಡಬೇಕಾಯಿತು.

"ಏನಾಯ್ತು ಸಾರ್, ಯಾರಾದ್ರೂ ಸಿಕ್ಕಿಹಾಕ್ಕೊಂಡಿದಾರಾ?" ಹಾಲಿನವರು ಸೈಕಲ್ ನಿಲ್ಲಿಸಿ ಕೇಳಿದರು.

"ಇಲ್ಲ ಇಲ್ಲ, ನಮ್ಮ ಹುಡುಗಾನೇ. ಖುಷಿಯಿಂದಾನೇ ಮಲಗಿದಾನೆ."

ಆ ಹೊತ್ತಿಗೆ ಹೊಳೆಯುವ ಕಂದು ಶೂಗಳು ನನ್ನ ತಲೆಯ ಹತ್ತಿರ ಬಂದು ನಿಂತವು. ಸ್ವಲ್ಪ ಹೊತ್ತು ನಿಂತು, ಏನೋ ಯೋಚಿಸಿ, ಪಕ್ಕದ ಗೇಟಿನ ಕಡೆ ಹೋದವು. ನಾನು ಸೈಲೆನ್ಸರಿನ ತೂತುಗಳನ್ನು ಎಣಿಸುವುದರಲ್ಲಿದ್ದೆ, ಶೂಗಳ ಕಡೆ ಲಕ್ಷ್ಯ ಕೊಡಲಿಲ್ಲ. ನೀವು ಕೊಡಿ. ಆ ಶೂಗಳು ಆಮೇಲೆ ಬೇಕು.

ಗೇಟು ಕಿರ್ ಎಂದಿತು. ಹೆಗಲ ಮೇಲೆ ಟವೆಲ್, ಅರ್ಧ ಮುಖಕ್ಕೆ ಶೇವಿಂಗ್ ನೊರೆ, ಇನ್ನರ್ಧ ನುಣ್ಣಗೆ, ಒಬ್ಬ ದಪ್ಪನೆಯ ಯಜಮಾನರು ಓಡಿ ಬಂದರು. ಈಗ ಬೈಸಿಕೊಳ್ಳುತ್ತೇವೆ ಎಂದುಕೊಂಡು ನಾನು ಕೆಳಗಿನಿಂದ ತಲೆ ಹೊರಹಾಕಿದೆ.

"ಬಂದೇ ಬಿಟ್ರಾ ಸಾರ್! ಇಷ್ಟು ಬೇಗ ಬರ್ತೀರಿ ಅಂದ್ಕೊಂಡೇ ಇರ್ಲಿಲ್ಲ!"

"ತಣ್ಣಗಿರುವಾಗ್ಲೇ ನೋಡ್ಬೇಕು ಸಾರ್," ಎಂದೆ ಗಂಭೀರವಾಗಿ.

"ನೋಡಿ ಸಾರ್, ನೋಡಿ! ಕೆಳಗೂ ತೂರಿದೀರಾ? ನಿಮ್ಮಂಥವರೇ ಬೇಕಾಗಿತ್ತು. ಏನೂ ಬಿಡ್ಬೇಡಿ. ಈ ಬಾಗಿಲು ನೋಡಿದ್ರಾ? ಪೂರ್ತಿ ಹೋಗಿದೆ!"

ನಾನು ಭಾವನ ಮುಖ ನೋಡಿದೆ, ಭಾವ ನನ್ನ ಮುಖ ನೋಡಿದರು. ಫೋನಿನಲ್ಲಿ ಮಾತಾಡಿದ ಅಮ್ಮನ ಮಗ ಇರಬೇಕು. ಆದರೆ ಮಾರುವವನು ಬಾಯಿಬಿಟ್ಟು ಗಾಡಿಯ ಹುಳುಕು ಹೇಳುವುದು ಯಾವ ವಿಡಿಯೋದಲ್ಲೂ ಇರಲಿಲ್ಲ.

"ಅಷ್ಟೇನಿಲ್ಲ ಸಾರ್, ಚಿಕ್ಕ ನೆಗ್ಗು ಅಷ್ಟೇ," ಎಂದೆ, ಸೌಜನ್ಯಕ್ಕೆ.

"ಚಿಕ್ಕದಾ? ಕೈ ಇಡಿ ಸಾರ್ ಒಳಗೆ. ಇಡಿ! ಮಣಿಕಟ್ಟಿನ ತನಕ ಮುಳುಗುತ್ತೆ!"

ಇಲ್ಲೇ ನಿಮಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನ ಹಾಗೇ ಒದ್ದಾಡುತ್ತೀರಿ. ಟವೆಲ್ ಯಜಮಾನರಿಗೆ ಗಾಡಿ ಮಾರುವ ಯೋಚನೆಯೇ ಇರಲಿಲ್ಲ. ಹಿಂದಿನ ವಾರ ಯಾರೋ ಗುದ್ದಿದರು ಎಂದು ಹೇಳಿ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿದ್ದರು. ಎಷ್ಟು ಹಾಳಾಗಿದೆ ಎಂದು ನೋಡಲು ಅವತ್ತು ಸರ್ವೇಯರ್ ಬರಬೇಕಿತ್ತು. ಚಾಪೆ ಹಾಸಿ ಮಲಗಿದ್ದ ನನ್ನನ್ನೇ ಸರ್ವೇಯರ್ ಎಂದುಕೊಂಡಿದ್ದರು. ಗಾಡಿ ಎಷ್ಟು ಕೆಟ್ಟಿದ್ದರೆ ಅಷ್ಟು ಅವರಿಗೆ ಲಾಭ. ನಮಗೆ ಇದು ಗೊತ್ತಿಲ್ಲ. ಈಗ ಮುಂದೆ ಕೇಳಿ.

ಬಾನೆಟ್ ಅವರೇ ಎತ್ತಿ ಹಿಡಿದರು. ಆಯಿಲ್ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒರೆಸಿದೆ. ಕಾಡಿಗೆ. ಕಣ್ಣಿಗೆ ಹಚ್ಚಬಹುದಾದಂಥ ಗಟ್ಟಿ ಕಾಡಿಗೆ.

"ಅದೂ ಆ ಆಕ್ಸಿಡೆಂಟಲ್ಲೇ ಆಗಿದ್ದು ಸಾರ್," ಎಂದರು.

"ಆಕ್ಸಿಡೆಂಟಲ್ಲಿ ಆಯಿಲ್ ಕಪ್ಪಾಗುತ್ತಾ?"

"ಭಯಕ್ಕೆ ಸಾರ್, ಭಯಕ್ಕೆ."

ಭಾವ ನನ್ನನ್ನು ಪಕ್ಕಕ್ಕೆ ಎಳೆದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು. "ಎಂಥಾ ಮನುಷ್ಯ ಕಣೋ! ಆಕ್ಸಿಡೆಂಟ್ ಆಗಿರೋದನ್ನೂ ಮುಚ್ಚಿಡ್ತಿಲ್ಲ. ತಗೊಂಡ್ರೆ ಇವರ ಹತ್ರಾನೇ ತಗೋಬೇಕು."

"ಭಾವ, ಈ ಗಾಡಿ ನಮ್ಮ ಬೀದಿ ಕೊನೆ ದಾಟಲ್ಲ. ಅಕ್ಕ ಇದ್ರಲ್ಲಿ ಹೈವೇಗೆ ಹೋದ್ರೆ ಆಸ್ಪತ್ರೆಗೆ ಸೇರ್ತಾಳೆ, ಆದ್ರೆ ನರ್ಸ್ ಆಗಿ ಅಲ್ಲ."

"ಗಾಡಿ ರಿಪೇರಿ ಮಾಡಿಸ್ಬಹುದು ಕಣೋ. ಮನುಷ್ಯನ್ನ ರಿಪೇರಿ ಮಾಡಿಸೋಕಾಗುತ್ತಾ?"

ನೋಡಿ, ನಮ್ಮ ಭಾವನಿಗೆ ಹೀಗಾಗುತ್ತದೆ. ನಾನು ಗಟ್ಟಿ ಮನಸ್ಸು ಮಾಡಿ ಪರೀಕ್ಷೆ ಮುಂದುವರಿಸಿದೆ.

"ಸಾರ್, ತಪ್ಪು ತಿಳ್ಕೋಬೇಡಿ, ಈ ನೆಗ್ಗು ಹಳೇದು. ಒಳಗೆ ತುಕ್ಕು ಹಿಡಿದಿದೆ ನೋಡಿ."

ಯಜಮಾನರ ಮುಖದ ನುಣುಪಾದ ಅರ್ಧ ಬಿಳಿಚಿಕೊಂಡು ನೊರೆಯ ಅರ್ಧಕ್ಕೆ ಸರಿಸಮವಾಯಿತು. "ಹಳೇದಾ? ಇಲ್ಲ ಸಾರ್! ಅದು ಹೊಸ ತುಕ್ಕು. ನಮ್ಮ ರೋಡಲ್ಲಿ ತುಕ್ಕು ಬೇಗ ಬರುತ್ತೆ. ಯಾರನ್ನ ಬೇಕಾದ್ರೂ ಕೇಳಿ!"

ನನಗೆ ಪಾಪ ಅನ್ನಿಸಿತು. ಇಷ್ಟು ಪ್ರಾಮಾಣಿಕ ಮನುಷ್ಯನಿಗೆ ಒಂದಾದರೂ ಒಳ್ಳೆಯ ಮಾತು ಹೇಳಬೇಕಲ್ಲ ಎಂದು ಹುಡುಕಿದೆ. ಇಡೀ ಗಾಡಿಯಲ್ಲಿ ಮುಂದಿನ ಬಂಪರ್ ಒಂದೇ ನೆಟ್ಟಗಿತ್ತು.

"ಏನೇ ಹೇಳಿ ಸಾರ್, ಬಂಪರ್ ಮಾತ್ರ ಗಟ್ಟಿ ಇದೆ. ಏನೂ ಆಗಿಲ್ಲ."

"ಏನೂ ಆಗಿಲ್ವಾ?"

"ಚೂರೂ ಇಲ್ಲ."

ಯಜಮಾನರು ರಸ್ತೆಯ ಆ ಕಡೆ ಈ ಕಡೆ ನೋಡಿದರು. ಟವೆಲನ್ನು ಸೊಂಟಕ್ಕೆ ಬಿಗಿದರು. ಎರಡು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಬಂಪರಿಗೆ ಝಾಡಿಸಿ ಒದ್ದರು. ಬಂಪರ್ ಒಂದು ಕಡೆ ಕಳಚಿಕೊಂಡು ನೆಲಕ್ಕೆ ಬಡಿಯಿತು, ಚಪ್ಪಲಿ ಚರಂಡಿಯ ಹತ್ತಿರ ಹೋಗಿ ಬಿತ್ತು.

"ಈಗ ನೋಡಿ ಸಾರ್," ಎಂದರು ಏದುಸಿರು ಬಿಡುತ್ತಾ, "ಬಂಪರೂ ಹೋಗಿದೆ."

ಭಾವ ಕೈ ಮುಗಿದರು. ತನ್ನ ಗಾಡಿಯಲ್ಲಿ ಒಂದು ಗಟ್ಟಿ ಜಾಗ ಇದೆ ಎಂಬುದನ್ನೂ ಸಹಿಸದ ಪ್ರಾಮಾಣಿಕತೆ!

"ಕೊನೆಗೆ ಎಷ್ಟು ಅಂತ ಇಟ್ಕೊಂಡಿದೀರಿ ಯಜಮಾನ್ರೆ?" ಭಾವ ಕೇಳಿಯೇಬಿಟ್ಟರು.

"ನಾನ್ ಹೇಳೋದಾ? ಹೊಸ ಗಾಡಿ ಬೆಲೆಗೆ ಹತ್ರ ಹತ್ರ ಬಂದ್ರೆ ಒಪ್ಕೋತೀನಿ ಸಾರ್."

"ಹೊಸ ಗಾಡಿ ಬೆಲೆನಾ!" ನಾನು ಕಿರುಚಿದೆ.

"ಇರೋ," ಎಂದರು ಭಾವ, ನನ್ನ ಭುಜ ಹಿಡಿದು. "ಪ್ರಾಮಾಣಿಕತೆಗೂ ಒಂದು ಬೆಲೆ ಇರುತ್ತೆ." ಅವರ ಇನ್ನೊಂದು ಕೈ ಮುಂಗಡದ ಲಕೋಟೆ ಇದ್ದ ಜೇಬಿನ ಕಡೆ ಹೊರಟಿತ್ತು. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನೋಡಿದವರು ಭಾವ ಭಾಮೈದರ ಪ್ರೀತಿ ಎಂದುಕೊಂಡಿರಬೇಕು.

ಈಗ ಆ ಕಂದು ಶೂಗಳ ಕಥೆ. ಅವು ನಿಜವಾದ ಸರ್ವೇಯರ್ ಅವರವು. ಗುದ್ದಿಸಿಕೊಂಡ ಗಾಡಿಯನ್ನು ಸರ್ವೇಯರ್ ನೋಡುವ ತನಕ ಯಾರೂ ಮುಟ್ಟಬಾರದು, ಅದು ನಿಯಮ. ಕೆಳಗೆ ಒಬ್ಬ ಮಲಗಿದ್ದಾನೆ, ಪಕ್ಕದಲ್ಲಿ ಒಬ್ಬ ಟಾರ್ಚು ಹಿಡಿದಿದ್ದಾನೆ, ಅಂದರೆ ಇದು ರಿಪೇರಿಯಾಗುತ್ತಿರುವ ಗಾಡಿ, ನನ್ನದಲ್ಲ ಎಂದು ಲೆಕ್ಕ ಹಾಕಿ ಅವರು ಪಕ್ಕದ ಹಸಿರು ಗೇಟಿಗೆ ಹೋದರು. ಅಲ್ಲಿದ್ದವರು ನಮ್ಮ ಭಾವ ಫೋನಿನಲ್ಲಿ ಮಾತಾಡಿದ್ದ ಅಜ್ಜಿ. ಟೆಲಿಫೋನ್ ಆಫೀಸಿನಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಈಗಲೂ ಎದುರಿಗಿರುವವರ ಜೊತೆ ದೂರದ ಊರಿಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ಎಲ್ಲಾ ಗೊತ್ತಿರುವ ಭಾಮೈದ ಬರುತ್ತಾನೆ ಎಂದು ಕಾಯುತ್ತಿದ್ದರು. ಸರ್ವೇಯರನ್ನು ನೋಡಿ, ಇವನೇ ಆ ಭಾಮೈದ ಎಂದುಕೊಂಡರು. ಆಮೇಲೆ ಅಜ್ಜಿ ಸಿಟ್ಟಿನಲ್ಲಿ ವಿವರಿಸಿದ ಪ್ರಕಾರ ಅಲ್ಲಿ ನಡೆದದ್ದು ಇದು.

"ಅಮ್ಮಾ, ಗುದ್ದಿರೋದು ಎಲ್ಲಿ?"

"ಯಾರಿಗೆ?"

"ಗಾಡಿಗೆ."

"ನನ್ನ ಗಾಡಿಗೆ ಗುದ್ದೋ ಧೈರ್ಯ ಯಾರಿಗಪ್ಪ ಇದೆ?"

"ಮುಚ್ಚಿಡ್ಬೇಡಿ ಅಮ್ಮಾ, ನಿಮಗೇ ನಷ್ಟ. ಡ್ಯಾಮೇಜ್ ತೋರ್ಸಿ, ನಾನು ನೋಡ್ಕೊಂಡು ಹೊರಡ್ತೀನಿ."

ಬೆಲೆ ಇಳಿಸಲು ಇದೊಂದು ಹೊಸ ನಾಟಕ ಎಂದುಕೊಂಡ ಅಜ್ಜಿ ಹೊದಿಕೆ ಎಳೆದು ಬಿಸಾಕಿದರು. "ಹುಡುಕು! ಒಂದು ಗೆರೆ ಸಿಕ್ಕಿದ್ರೂ ಗಾಡಿ ಪುಕ್ಕಟೆ ತಗೊಂಡ್ಹೋಗು!"

ಸರ್ವೇಯರ್ ಹುಡುಕಿದರು. ಡ್ಯಾಮೇಜ್ ಇಲ್ಲ ಎಂದು ಒಪ್ಪಿಕೊಳ್ಳುವ ಜಾತಿಯವರಲ್ಲ ಅವರು. ಜಾಕ್ ಹಾಕಿ ಚಕ್ರ ಎತ್ತಿದರು, ಕೆಳಗೆ ಬಗ್ಗಿದರು, ಬ್ರೇಕ್ ತುಳಿದರು, ಇಂಜಿನ್ ಸ್ಟಾರ್ಟ್ ಮಾಡಿ ಕಿವಿ ಇಟ್ಟರು. ಕೊನೆಗೆ ಕಣ್ಣು ಒರೆಸಿಕೊಂಡು ಗಾರ್ಡನ್ನಿನ ಸ್ಟೂಲಿನ ಮೇಲೆ ಕೂತರಂತೆ. "ಅಮ್ಮಾ, ನನ್ನ ಸರ್ವೀಸಲ್ಲಿ ಮುರಿದಿರೋ ಗಾಡಿ ಬಿಟ್ರೆ ಬೇರೆ ನೋಡಿಲ್ಲ. ಒಂದು ಇಡೀ ಗಾಡಿ ಹೇಗಿರುತ್ತೆ ಅಂತ ಇವತ್ತು ಗೊತ್ತಾಯ್ತು. ಒಂದು ಲೋಟ ನೀರು ಕೊಡ್ತೀರಾ?"

ನೀರು ಕುಡಿದು, ಫೈಲು ತೆಗೆದು, ಡ್ಯಾಮೇಜ್ ಏನೂ ಇಲ್ಲ ಎಂದು ಬರೆದು, ಎಲ್ಲಕ್ಕಿಂತ ಕೊನೆಗೆ ನಂಬರ್ ತಾಳೆ ನೋಡಿದರು. ಮೊದಲೇ ಯಾಕೆ ನೋಡಲಿಲ್ಲ ಎಂದು ನಾನು ಆಮೇಲೆ ಕೇಳಿದೆ. "ನಂಬರ್ ಎಲ್ಲಿಗೆ ಓಡಿಹೋಗುತ್ತೆ ಸಾರ್? ಓಡಿಹೋಗೋದು ಡ್ಯಾಮೇಜು" ಎಂದರು. ನಾನೂ ನಂಬರ್ ನೋಡಿರಲಿಲ್ಲ, ಆದ್ದರಿಂದ ಹೆಚ್ಚು ಕೆದಕಲಿಲ್ಲ.

ಅವರು ಗೋಡೆಯ ಆಚೆ ಫೈಲಿನಲ್ಲಿದ್ದ ನಂಬರನ್ನು ಜೋರಾಗಿ ಓದಿದರು.

"ಅದು ನಂದು!" ಗೋಡೆಯ ಈಚೆ ಟವೆಲ್ ಯಜಮಾನರು ಕೂಗಿದರು.

ಎರಡು ಗೇಟುಗಳ ನಡುವೆ ನಾವು ಐದೂ ಜನ ಸೇರಿದೆವು.

"ನಿಮ್ಮದಾ? ನೀವ್ಯಾರು?" ಎಂದರು ಸರ್ವೇಯರ್.

"ಗಾಡಿ ಯಜಮಾನ ನಾನು! ನೀವ್ಯಾರು?"

"ನಾನು ಸರ್ವೇಯರ್."

"ಸರ್ವೇಯರ್ ಇವ್ರಲ್ವಾ?" ಟವೆಲ್ ಯಜಮಾನರು ನನ್ನ ಕಡೆ ಬೆರಳು ತೋರಿಸಿದರು.

"ನಾನು ಭಾಮೈದ," ಎಂದೆ.

"ಯಾರ ಭಾಮೈದ?"

"ಇವರ," ಎಂದು ಭಾವನನ್ನು ತೋರಿಸಿದೆ.

"ಭಾಮೈದ ಇವ್ನಾ?" ಅಜ್ಜಿ ಸರ್ವೇಯರ್ ಕಡೆ ತಿರುಗಿದರು. "ಹಾಗಾದ್ರೆ ನನ್ನ ಗಾಡಿಗೆ ಜಾಕ್ ಹಾಕಿದ್ದು ಯಾವ ಸಂಬಂಧಕ್ಕೆ?"

"ಹಾಗಾದ್ರೆ ನಾನು ಇಷ್ಟೊತ್ತು ತೋರ್ಸಿದ್ದು ಯಾರಿಗೆ?" ಟವೆಲ್ ಯಜಮಾನರ ದನಿ ಬಿದ್ದುಹೋಯಿತು.

ಭಾವ ಮೆಲ್ಲಗೆ ಲಕೋಟೆಯನ್ನು ಜೇಬಿನ ಇನ್ನೂ ಒಳಕ್ಕೆ ತಳ್ಳಿಕೊಂಡರು.

ಸರ್ವೇಯರ್ ಟವೆಲ್ ಯಜಮಾನರ ಗಾಡಿಯನ್ನು ಒಂದು ಸುತ್ತು ಹಾಕಿದರು. ಈಗ ಅವರ ಮುಖಕ್ಕೆ ಕಳೆ ಬಂದಿತ್ತು, ತಮ್ಮ ಲೋಕಕ್ಕೆ ವಾಪಸ್ ಬಂದವರ ಹಾಗೆ. ಬಂಪರಿನ ಹತ್ತಿರ ಬಗ್ಗಿದರು. "ಇದು ಯಾವಾಗ ಬಿತ್ತು?"

ಯಜಮಾನರು ನನ್ನನ್ನು ನೋಡಿದರು. ಆ ನೋಟ ಇದೆಯಲ್ಲ, ಅದನ್ನು ಹೇಳಲಾರೆ. ನಾನು ನಿಜ ಹೇಳಿದರೆ ಅವರ ಅರ್ಜಿ ಹೋಗುತ್ತದೆ, ಸುಳ್ಳು ಹೇಳಿದರೆ ನಮಗೆ ಗಾಡಿ ಕೊಡಬೇಕಾದ ಅಜ್ಜಿ ಎದುರಿಗೇ ಇದ್ದಾರೆ. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಮನೆಯ ಒಳಗಿನಿಂದ ಹೆಂಗಸಿನ ದನಿ ಬಂತು.

"ಈಗ ತಾನೇ ಒದ್ರಲ್ಲಾ ರೀ! ಕಿಟಕಿಯಿಂದ ನೋಡ್ತಾನೇ ಇದೀನಿ, ಇದೇನು ಹುಚ್ಚು ಇವರಿಗೆ ಅಂತ. ಚಪ್ಪಲಿ ಅಲ್ಲೇ ಬಿದ್ದಿದೆ, ತಗೊಂಡು ಒಳಗೆ ಬನ್ನಿ. ಮುಖದ ಮೇಲೆ ಸೋಪು ಒಣಗ್ತಾ ಇದೆ!"

ಯಜಮಾನರು ಒಂದು ಕಾಲಲ್ಲಿ ಕುಂಟುತ್ತಾ ಹೋಗಿ ಚಪ್ಪಲಿ ಹೆಕ್ಕಿಕೊಂಡು, ಗೌರವದಿಂದ ಒಳಗೆ ನಡೆದರು. ಅವರ ಹಿಂದೆ ಗೇಟು ಮತ್ತೆ ಕಿರ್ ಎಂದಿತು. ಸರ್ವೇಯರ್ ಫೈಲಿನಲ್ಲಿ ಏನೋ ಬರೆದುಕೊಂಡರು.

ಈಗ ಉಳಿದದ್ದು ನಮ್ಮ ಕೆಲಸ. ನಾನು ಚಾಪೆ ಕೊಡವಿ ಅಜ್ಜಿಯ ಹತ್ತಿರ ಹೋದೆ. "ಅಮ್ಮಾ, ಏನೋ ಒಂದು ಸಣ್ಣ ಗೊಂದಲ ಆಯ್ತು. ಈಗ ನಿಮ್ಮ ಗಾಡಿ..."

"ನನ್ನ ಗಾಡಿ ನೋಡೋಕೆ ಅಂತ ಬಂದು ಪಕ್ಕದ ಮನೆ ಗಾಡಿ ಕೆಳಗೆ ಮಲಗಿದವನಿಗೆ ನಾನು ಗಾಡಿ ಕೊಡಲ್ಲ."

"ಹಾಗಾದ್ರೆ ನನಗೆ ಕೊಡಿ ಅಮ್ಮಾ," ಎಂದರು ಸರ್ವೇಯರ್, ತಕ್ಷಣ. ಫೈಲು ಮುಚ್ಚಿ ಎದೆಗೆ ಅವುಚಿಕೊಂಡಿದ್ದರು. "ನಾನು ನೋಡಿ ಆಗಿದೆ. ಹೇಳಿದ ಬೆಲೆಗೆ ತಗೋತೀನಿ."

ಅಕ್ಕನ ವಾರ್ಡು, ಅಕ್ಕನ ಸೋಮವಾರ, ಎಲ್ಲ ಕಂದು ಶೂ ಹಾಕಿಕೊಂಡು ಹೊರಟುಹೋಗುತ್ತಿತ್ತು. ವಾದ ಮಾಡೋಣ ಎಂದರೆ ನನ್ನ ಹತ್ತಿರ ಇದ್ದದ್ದು ಸಿದ್ಧಾಂತ ಮಾತ್ರ.

ಭಾವ ಮುಂದೆ ಬಂದರು. "ಅಮ್ಮಾ, ನನ್ನ ಹೆಂಡ್ತಿ ನರ್ಸು. ಸೋಮವಾರದಿಂದ ಹೈವೇ ಆಸ್ಪತ್ರೇಲಿ ವಾರ್ಡ್ ನೋಡ್ಕೋಬೇಕು. ಬೆಳಗಿನ ಜಾವ ಬಸ್ಸಿಲ್ಲ. ಗಾಡಿ ಸಿಗ್ಲಿಲ್ಲ ಅಂದ್ರೆ ಜಾಗ ಬಿಡ್ಬೇಕು. ಅಷ್ಟೇ ಅಮ್ಮಾ ನಮ್ಮ ಕಥೆ."

ಅಜ್ಜಿ ಭಾವನ ಕಡೆ ತಿರುಗಿದರು. "ಓಡ್ಸೋದು ಯಾರು? ಅವಳೇನಾ?"

"ಅವಳೇ."

"ಇವನಲ್ವಲ್ಲ?"

"ಇವನಿಗೆ ಸೈಕಲ್ ಇದೆ ಅಮ್ಮಾ."

"ಹಾಗಾದ್ರೆ ಕೊಡ್ತೀನಿ. ನಾನೂ ಆ ಕಾಲದಲ್ಲಿ ಕತ್ತಲಲ್ಲಿ ಡ್ಯೂಟಿಗೆ ನಡ್ಕೊಂಡು ಹೋದವಳೇ. ಆದ್ರೆ ಒಂದು ಮಾತು. ಇವನು ನನ್ನ ಗಾಡಿ ಕೆಳಗೆ ತೂರಬಾರದು. ಬಾನೆಟ್ ಎತ್ತಬಾರದು. ಆ ಅಯಸ್ಕಾಂತ ಜೇಬಿಂದ ಆಚೆ ಬರಬಾರದು. ನೋಡ್ಬೇಕಾದವರು ನೋಡಿ ಆಯ್ತು. ಬೇಕಾ, ಬೇಡ್ವಾ? ಈಗ್ಲೇ ಹೇಳಿ, ಇವರು ನಿಂತಿದಾರೆ."

ನನ್ನ ಪರಿಸ್ಥಿತಿ ಊಹಿಸಿಕೊಳ್ಳಿ. ಇಷ್ಟು ವರ್ಷದ ಅಧ್ಯಯನ, ಕೈಯಲ್ಲಿ ಟಾರ್ಚು, ಎದುರಿಗೆ ಗಾಡಿ, ಮುಟ್ಟುವ ಹಾಗಿಲ್ಲ! ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸರ್ವೇಯರ್ ಮುಖ ನೋಡಿದೆ. ಅವರು ಆ ಗಾಡಿಯನ್ನು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ಅದರ ಮುಂದೆ ನನ್ನ ಬಿಳಿ ಕಾಗದ ಏನೂ ಅಲ್ಲ.

"ತಗೊಳ್ಳಿ ಭಾವ," ಎಂದೆ.

ಸರ್ವೇಯರ್ ಕಣ್ಣು ಮುಚ್ಚಿಕೊಂಡರು.

ಕಾಗದಪತ್ರದ ಓಡಾಟವೆಲ್ಲ ಮುಗಿಸಿ, ಎರಡು ದಿನ ಬಿಟ್ಟು ಶನಿವಾರ ಸಂಜೆ ಗಾಡಿ ಮನೆಗೆ ತಂದೆವು. ಭಾವ ಓಡಿಸಿದರು, ನಾನು ಹಿಂದೆ ಕೈಕಟ್ಟಿ ಕೂತೆ. ದಾರಿಯುದ್ದಕ್ಕೂ ಕಿವಿಗೊಟ್ಟೆ. ಒಂದು ಕಿರುಗುಟ್ಟುವ ಸದ್ದಾದರೂ ಬರಬಾರದೇ? ಬರಲಿಲ್ಲ. ಇಂಥ ಗಾಡಿಯಲ್ಲಿ ತಜ್ಞನಿಗೆ ಹೊತ್ತು ಹೋಗುವುದು ಕಷ್ಟ.

ಅಕ್ಕ ಗಾಡಿಯ ಸುತ್ತ ಎರಡು ಸುತ್ತು ಬಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವತ್ತು ನಿನ್ನ ಶರ್ಟ್ ನೆನೆಸಿಟ್ಟು ನೆನೆಸಿಟ್ಟು ಅಮ್ಮಂಗೆ ಸಾಕಾಯ್ತು. ಕೆಳಗೆಲ್ಲಾ ತೂರಿ ನೋಡಿದ್ಯಾ?"

"ತೂರಿದೆ ಅಕ್ಕಾ."

"ಆಯಿಲ್ಲು?"

"ಕಾಗದದ ಮೇಲೆ ಒರೆಸಿ ನೋಡಿದೆ."

"ಬಂಪರ್ ಎಲ್ಲಾ ಗಟ್ಟಿ ಇದೆ ತಾನೇ?"

"ಬಂಪರ್ ಅಂತೂ ಒದ್ದೇ ನೋಡಿದ್ದು."

ಒಂದಾದರೂ ಸುಳ್ಳಿದೆಯಾ ಹೇಳಿ? ಭಾವ ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚುವುದರಲ್ಲಿ ಮುಳುಗಿದ್ದರು. ಅವರ ಶೂಗೆ ಲೇಸೇ ಇಲ್ಲ.

ಸೋಮವಾರ ಅಕ್ಕ ಕತ್ತಲಲ್ಲೇ ಹೊರಟಳು, ಹೊತ್ತಿಗೆ ಮುಂಚೆ ತಲುಪಿದಳು. ಮಂಗಳವಾರವೂ ತಲುಪಿದಳು. ಆ ವಾರವೆಲ್ಲ ನಮ್ಮ ಮನೆಯಲ್ಲಿ ನನಗೆ ಮರ್ಯಾದೆಯೋ ಮರ್ಯಾದೆ. ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯಲು ಶುರುಮಾಡಿದಳು. ಪಕ್ಕದ ಮನೆಯವರು ತಮ್ಮ ಸ್ಕೂಟರ್ ತಂದು ತೋರಿಸಿ ಹೋದರು. ನಾನು ಎರಡು ಸಲ ನಿಜ ಹೇಳಲು ಹೊರಟೆ. ಎರಡು ಸಲವೂ ಭಾವ ಎದ್ದು ಹೋಗಿ ನಮ್ಮ ತಿರುಗದ ಫ್ಯಾನನ್ನು ಜೋರು ಮಾಡಿದರು.

ಶುಕ್ರವಾರ ಅಕ್ಕ ಡ್ಯೂಟಿ ಮುಗಿಸಿ ಫೋನ್ ಹಿಡಿದುಕೊಂಡೇ ಒಳಗೆ ಬಂದಳು. ಫೋನಿನ ಬಾಯಿ ಮುಚ್ಚಿ ಪಿಸುಗುಟ್ಟಿದಳು. "ನಮ್ಮ ವಾರ್ಡಿನ ದೊಡ್ಡ ಡಾಕ್ಟ್ರು ಕಣೋ. ಮಗಳಿಗೆ ಹಳೇ ಕಾರು ತಗೋತಿದಾರೆ. ನನ್ನ ತಮ್ಮ ನೋಡಿದ ಮೇಲೆ ಇನ್ನೊಬ್ಬರು ನೋಡೋ ಹಾಗೇ ಇಲ್ಲ ಅಂತ ಹೇಳ್ಬಿಟ್ಟಿದೀನಿ. ಮಾತಾಡು."

ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಅಂಥ ಹೆಮ್ಮೆಯಿಂದ ನೋಡಿದ್ದಿಲ್ಲ. ಭಾವ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ಹಾಗೇ ನಿಂತಿದ್ದರು.

ಫೋನು ಕಿವಿಗೆ ಇಟ್ಟೆ. "ನೀವೇನಾ ಅವರು?" ಎಂದಿತು ಒಂದು ಗಂಭೀರ ದನಿ. "ನಿಮ್ಮನ್ನ ನಂಬಿ ಮಗಳನ್ನ ರೋಡಿಗೆ ಕಳಿಸ್ತಿದೀನಿ. ಭಾನುವಾರ ಬರ್ತೀರಲ್ಲಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ. ಡಾಕ್ಟರು ಉತ್ತರಕ್ಕೆ ಕಾಯುತ್ತಿದ್ದಾರೆ. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?